ಶಿವಪುರದ ಬಾವುಟದಿಂದ ‘ದೇಸಿ’ ಅಂಗಡಿವರೆಗೆ

ನಮ್ಮೂರ ಹಿಸ್ಟರಿ | ಭಾಗ 9

ಹಳೇ ಹೆದ್ದಾರಿಯಲ್ಲಿ ಮದ್ದೂರು ಹತ್ರ ಹೋಗುವಾಗ ಶಿವಪುರದ ಸತ್ಯಾಗ್ರಹ ಸೌಧ ನೋಡಿರ್ತೀರ, ಬಸ್ಸಿನ ಕಿಟಕಿಯಿಂದ ಆದ್ರೂ. 1938ರ ಏಪ್ರಿಲ್‌ನಲ್ಲಿ ಸರ್ಕಾರ ಬೇಡ ಅಂದ್ರೂ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಅಲ್ಲಿ ಬಾವುಟ ಹಾರಿಸಿದ್ರು. ಆ ಬಾವುಟದ ನಡುವೆ ಏನಿತ್ತು ಗೊತ್ತಾ? ಅಶೋಕ ಚಕ್ರ ಅಲ್ಲ, ನೂಲುವ ಚರಕ.

1947ರಲ್ಲಿ ಬಾವುಟದಿಂದ ಚರಕ ಹೋಯ್ತು. ನೂಲೋರು, ನೇಯೋರು ಏನಾದ್ರು? ಇವತ್ತಿನ ಕಥೆ ಅದು.

👉 ಮಾಡೋದು ಒಂದು ಕಷ್ಟ, ಮಾರೋದು ಇನ್ನೊಂದು. ಇದನ್ನ ಮೊದಲೇ ಅರ್ಥ ಮಾಡ್ಕೊಂಡವರಲ್ಲಿ ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ, ಕುಶಲಕರ್ಮಿಗಳ ಕೆಲಸ ಪೇಟೆಗೆ ತಲುಪೋಕೆ ವರ್ಷಗಟ್ಟಲೆ ದುಡಿದ್ರು.

👉 ಆಮೇಲೆ ನಮ್ಮ ಕಾಲಕ್ಕೆ ಹತ್ತಿರದವರು: ಪ್ರಸನ್ನ. ಮೂಲತಃ ನೇಕಾರರಲ್ಲ, ನಾಟಕದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1975ರಲ್ಲಿ ‘ಸಮುದಾಯ’ ತಂಡ ಕಟ್ಟಿದವರಲ್ಲಿ ಒಬ್ರು. 1990ರ ದಶಕದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡು ಪಕ್ಕದ ಭೀಮನಕೋಣೆಯಲ್ಲಿ ಹಳ್ಳಿ ಹೆಂಗಸರ ಜೊತೆ ಕೈಮಗ್ಗದ ಸಹಕಾರ ಸಂಘ ಶುರು ಮಾಡಿದ್ರು. ಅದರ ಹೆಸರೇ ‘ಚರಕ’! ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಗಿಡದಿಂದ ಬಣ್ಣ ತೆಗೆದು ಬಟ್ಟೆಗೆ ಹಾಕೋದು ಅಲ್ಲಿಯ ಪದ್ಧತಿ.

ಆ ಬಟ್ಟೆ ಮಾರೋಕೆ ‘ದೇಸಿ’ ಅಂಗಡಿಗಳು ಬಂದ್ವು. ಅಲ್ಲಿರೋದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡೋ ಕಲೆ ಅಲ್ಲ. ಕಾಲೇಜಿಗೆ ಹಾಕೋ ಕುರ್ತಾ, ಉಡೋ ಸೀರೆ, ದಿನಾ ಬಳಸೋ ಚೀಲ.

(ಒಂದು ಸಣ್ಣ ಪಾಠ: ಕೈಮಗ್ಗ ಅಂದ್ರೆ ಕೈಯಲ್ಲಿ ನೇಯ್ದದ್ದು, ನೂಲು ಮಿಲ್ಲಿಂದಾಗಿರಬಹುದು. ಖಾದಿ ಅಂದ್ರೆ ನೂಲೂ ಕೈಯದ್ದೇ, ನೇಯ್ಗೆನೂ ಕೈಯದ್ದೇ.)

👉 2015ರಲ್ಲಿ ಪ್ರಸನ್ನ ನಮ್ಮ ಕಡೆಗೇ ಬಂದ್ರು. ನಂಜನಗೂಡು ತಾಲ್ಲೂಕಿನ ಬದನವಾಳು, 1927ರಲ್ಲಿ ಗಾಂಧೀಜಿ ಬಂದಿದ್ದ ಖಾದಿ ಕೇಂದ್ರ. ಅದು ಪಾಳು ಬೀಳ್ತಾ ಇತ್ತು. ಅಲ್ಲೇ ಕೂತು ಸತ್ಯಾಗ್ರಹ ಮಾಡಿದ್ರು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಕೈಯಲ್ಲಿ ಮಾಡಿದ್ದಕ್ಕೂ ಯಂತ್ರದಲ್ಲಿ ಮಾಡಿದ್ದಕ್ಕೂ ಒಂದೇ ಥರ ತೆರಿಗೆ ಹಾಕಿದ್ರೆ ಬಡವರ ಕೈಗೆ ಪೆಟ್ಟು ಅಂತ ಅವರ ವಾದ. ಯಂತ್ರ ಒಂದು ದಿನಕ್ಕೆ ಮಾಡೋದನ್ನ ಕೈ ಎಷ್ಟೋ ದಿನ ಮಾಡಬೇಕು, ಬೆಲೆಯ ದೊಡ್ಡ ಪಾಲು ಕೂಲಿನೇ. ಹಾಗಾಗಿ ಕೈ ಉತ್ಪನ್ನಕ್ಕೆ ಶೂನ್ಯ ತೆರಿಗೆ ಬೇಕು ಅಂತ ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಉಪವಾಸ ಕೂತರು.

ಗೆದ್ದ ಕಥೆ ಅಂದ್ಕೊಂಡ್ರಾ? ಪೂರ್ತಿ ಅಲ್ಲ. 2020ರಲ್ಲಿ ಕೊರೋನಾ ಜೊತೆ ಮಾರಾಟ ನಿಂತು, ಬಟ್ಟೆ ರಾಶಿ ಬಿತ್ತು. ಚರಕ ತಾನು ಸಂಕಷ್ಟದಲ್ಲಿದ್ದೀನಿ ಅಂತ ಬಹಿರಂಗವಾಗಿ ಹೇಳಬೇಕಾಯ್ತು. ಅಷ್ಟು ಹೆಸರಿದ್ದ ಸಂಸ್ಥೆಗೇ ಹೀಗಾದ್ರೆ, ಹೆಸರಿಲ್ಲದ ನೇಕಾರರ ಗತಿ?

👉 ಈಗ ನಮ್ಮ ಜಿಲ್ಲೆಗೆ ಬನ್ನಿ. ಮೇಲುಕೋಟೆಯ ಪಂಚೆ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಸೀರೆ, ನಾಗಮಂಗಲದ ಹಿತ್ತಾಳೆ. ಮನೆಯೊಳಗೆ ನೋಡಿದ್ರೆ ಮೊರ, ಮಂಕರಿ, ಮುದ್ದೆ ತಿರುವೋ ಕೋಲು. ಇದನ್ನೆಲ್ಲ ಯಾರೋ ಕೂತು ಮಾಡಿದ್ದಾರೆ. ಸಂತೆಯಲ್ಲಿ ಮೊರ ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡೋ ನಾವು, ಮಾಲ್‌ನಲ್ಲಿ ಟ್ಯಾಗ್ ನೋಡಿ ಸುಮ್ನೆ ದುಡ್ಡು ಕೊಡ್ತೀವಿ. ನಾನೂ ಹಂಗೇ ಮಾಡಿದ್ದೀನಿ ಕಣ್ರೋ.

ಶಿವಪುರದಲ್ಲಿ ಚರಕದ ಬಾವುಟಕ್ಕೋಸ್ಕರ ಜನ ಜೈಲಿಗೆ ಹೋದ್ರು. ನಮ್ಮನ್ನ ಯಾರೂ ಅಷ್ಟೆಲ್ಲ ಕೇಳ್ತಿಲ್ಲ. ವರ್ಷಕ್ಕೊಂದು ಬಟ್ಟೆ, ಅದೂ ಚೌಕಾಸಿ ಮಾಡದೆ. ಆಗಲ್ವಾ?

ಈ ವಾರದ ಹೋಮ್‌ವರ್ಕ್: ನಿಮ್ಮನೇಲಿ ಇನ್ನೂ ಬಳಕೆಯಲ್ಲಿರೋ ಕೈಯಲ್ಲಿ ಮಾಡಿದ ಒಂದು ವಸ್ತುವಿನ ಫೋಟೋ ಹಾಕಿ, ಎಲ್ಲಿ ಮಾಡಿದ್ದು ಅಂತ ಅಜ್ಜಿನೋ ಅಮ್ಮನ್ನೋ ಕೇಳಿ ಬರೀರಿ. ಒಳ್ಳೇವನ್ನ ಸ್ಟೋರಿಗೆ ಹಾಕ್ತೀನಿ.

ಮುಂದಿನ ಭಾಗದಲ್ಲಿ ಸಿಗೋಣ. ಸೇವ್ ಮಾಡ್ಕೊಳ್ಳಿ 🙏

#ಮಂಡ್ಯ #ಮದ್ದೂರು #ಮಳವಳ್ಳಿ #ಕೈಮಗ್ಗ #ನಮ್ಮೂರಹಿಸ್ಟರಿ