ಉಳುವವನ ಒಡೆತನ ಮತ್ತು ನಮೂನೆ 7
1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತುದು ಭತ್ತವನ್ನಳೆಯುವ ಕೊಳಗದ ವಿವಾದದಿಂದ. ಭೂಮಿಯ ಒಡೆತನಕ್ಕೆ ಕಾನೂನಿನ ದಾರಿ ತೆರೆದುದಾದರೋ ಎರಡು ದಶಕಗಳ ತರುವಾಯ. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಂತೆ, ಸೈನಿಕರವೇ ಮೊದಲಾದ ಕೆಲವನ್ನುಳಿದು, ಗೇಣಿಯ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರದಲ್ಲಿ ನಿಹಿತವಾದವು. ಮಠ-ದೇವಾಲಯಗಳ ಗೇಣಿಭೂಮಿಯೂ ಇದಕ್ಕೆ ಹೊರತಾಗಲಿಲ್ಲ. ಒಕ್ಕಲು ಇನ್ನು ಒಡೆಯನನ್ನು ಬೇಡಬೇಕಾಗಿರಲಿಲ್ಲ. ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದಿತ್ತು.

ತೊಡಕಿದ್ದುದು ಸಾಕ್ಷ್ಯದಲ್ಲಿ. ಬಾಯಿಮಾತಿನ ಗೇಣಿಗೆ ಚೀಟಿಯೆಲ್ಲಿ, ರಸೀದಿಯೆಲ್ಲಿ? ಪಹಣಿಯಲ್ಲಿ ಹೆಸರಿಲ್ಲದವನು ತಾನು ಉತ್ತ ಹೊಲಕ್ಕೆ ನೆರೆಯವರ ಮಾತನ್ನೇ ಆಧಾರವಾಗಿ ತರಬೇಕು. ಆ ನೆರೆಯವರಾದರೂ ಎಷ್ಟೋ ವೇಳೆ ಅದೇ ಒಡೆಯನ ಒಕ್ಕಲುಗಳು! ಅರ್ಜಿಯ ಅವಧಿ ವಿಸ್ತರಣೆಗೊಂಡು 1979ರ ಜೂನ್ 30ಕ್ಕೆ ಮುಗಿಯಿತು. ಅರ್ಜಿ ಹಾಕದೆ ಉಳಿದ ಸಣ್ಣ ಗೇಣಿದಾರರಿಗೆ 77-ಎ ಕಲಮು ಮತ್ತೊಂದು ಅವಕಾಶವನ್ನಿತ್ತುದು 1998ರಲ್ಲಿ.