ಎರವಿನ ಪಾತ್ರೆ

ಮನೆಯೊಳಗಿನ ಒಡವೆವಸ್ತುಗಳನ್ನು ಒಂದೊಂದಾಗಿ ಎಣಿಸುತ್ತ ಹೋದರೆ, ಇಂದು ಬಹುಪಾಲು ಅಡಿಗೆಮನೆಗಳಲ್ಲಿ ಮನೆಯವರದಲ್ಲದ ವಸ್ತುವೊಂದು ಸಿಕ್ಕುತ್ತದೆ. ಅದು ಅನಿಲದ ಸಿಲಿಂಡರು. ನಮ್ಮ ಮಡಕಶಿರಾ ಸೀಮೆಯ ತೆಲುಗು ಬಾಂಧವರು ಅದನ್ನು ‘ಗ್ಯಾಸ್ ಬಂಡ’ ಎನ್ನುವರು. ನೆರೆಹೊರೆಯ ಬಳಕೆಯಿಂದ ನಮ್ಮ ಕನ್ನಡದ ಮನೆಗಳಲ್ಲಿಯೂ ಅದು ‘ಬಂಡೆ’ಯಾಗಿದೆ. ಒಳಗಿನ ಅನಿಲವನ್ನು ನಾವು ಕ್ರಯ ಕೊಟ್ಟು ಕೊಳ್ಳುತ್ತೇವೆ. ಹೊರಗಿನ ಉಕ್ಕಿನ ಪಾತ್ರೆಯನ್ನಾದರೋ ಠೇವಣಿ ಇರಿಸಿ ಎರವು ತರುತ್ತೇವೆ. ಬರಿದಾದೊಡನೆ ಅದು ಹೊರಟುಹೋಗುತ್ತದೆ. ಅದರ ಸ್ಥಾನಕ್ಕೆ ಬೇರೆ ಯಾರದೋ ಮನೆಯಲ್ಲಿ ಉರಿದು ಬಂದ ಮತ್ತೊಂದು ಪಾತ್ರೆ ತುಂಬಿಕೊಂಡು ಬರುತ್ತದೆ. ಈ ಎರವಿನ ಕಥೆಯನ್ನು ಬಿಟ್ಟು ಅಡಿಗೆಯ ಅನಿಲದ ಚರಿತ್ರೆಯನ್ನು ಬರೆಯಲಾಗದೆಂಬುದು ನಮ್ಮ ಅಭಿಪ್ರಾಯ.

ಎರವು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಮದುವೆ ಮುಂಜಿಗಳಿಗೆ ಕೊಪ್ಪರಿಗೆ, ಹಂಡೆ, ಗಂಗಾಳಗಳನ್ನು ದೇವಸ್ಥಾನದಿಂದಲೋ ಅನುಕೂಲಸ್ಥರ ಮನೆಯಿಂದಲೋ ತರುವುದು ವಾಡಿಕೆಯಾಗಿತ್ತು. ಅವುಗಳ ಕಂಠದ ಮೇಲೆ ಒಡೆಯನ ಹೆಸರು ಕೊರೆದಿರುತ್ತಿತ್ತು. ಸಿಲಿಂಡರಿನ ಮೇಲೆಯೂ ಕಂಪೆನಿಯ ಹೆಸರು ಹಾಗೆಯೇ ಇದೆ. ಆದರೆ ಕೊಪ್ಪರಿಗೆಯನ್ನು ಕೊಡುವವನು ಮುಖ ನೋಡಿ ಕೊಡುತ್ತಿದ್ದನು. ಮುಖ ಪರಿಚಯವಿಲ್ಲದ ಕಂಪೆನಿಯು ಕಾಗದ ನೋಡಿ, ಹಣ ಎಣಿಸಿಕೊಂಡು ಕೊಡುತ್ತದೆ. ಕಾಗದವೂ ಹಣವೂ ಇಲ್ಲದವರ ಗತಿಯೇನೆಂಬುದಕ್ಕೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

ಅನಿಲವನ್ನು ಪಾತ್ರೆಗೆ ತುಂಬುವ ವಿದ್ಯೆ ಅಮೆರಿಕೆಯದು. 1910ರಲ್ಲಿ ಮೋಟಾರು ಗಾಡಿಯ ಒಡೆಯನೊಬ್ಬನು, ತಾನು ಕೊಂಡ ಪೆಟ್ರೋಲು ಮನೆ ಸೇರುವಷ್ಟರಲ್ಲಿ ಆವಿಯಾಗಿ ಕಡಿಮೆಯಾಗುತ್ತದೆಂದು ದೂರಿದನು. ಆ ದೇಶದ ಗಣಿ ಇಲಾಖೆಯಲ್ಲಿದ್ದ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲ್ಲಿಂಗ್ ಎಂಬುವರು ಅದನ್ನು ಪರೀಕ್ಷಿಸಲು ಗಾಜಿನ ಹೂಜಿಯಲ್ಲಿ ಪೆಟ್ರೋಲನ್ನು ತೆಗೆದುಕೊಂಡು ಬಂದರು. ದಾರಿಯುದ್ದಕ್ಕೂ ಅದರ ಬಿರಡೆ ಮತ್ತೆ ಮತ್ತೆ ಹಾರಿಹೋಗುತ್ತಿತ್ತಂತೆ. ಬಿರಡೆಯನ್ನು ಹಾರಿಸುತ್ತಿದ್ದ ಆವಿಯಲ್ಲಿ ಪ್ರೋಪೇನು, ಬ್ಯೂಟೇನು ಎಂಬ ಅನಿಲಗಳಿರುವುದನ್ನು ಅವರು ಬೇರ್ಪಡಿಸಿ ಕಂಡುಕೊಂಡರು. ಪ್ರೋಪೇನು ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗೆ. ಆದುದರಿಂದ ಬಯಲಿನಲ್ಲಿ ಅದು ಅನಿಲವಾಗಿಯೇ ಇರುತ್ತದೆ. ಒತ್ತಡ ಹಾಕಿದರೆ ಮಾತ್ರ ನೀರಿನಂತೆ ದ್ರವವಾಗಿ, ಅನಿಲವಾಗಿದ್ದಾಗ ಹಿಡಿಯುತ್ತಿದ್ದ ಸ್ಥಳದ ಇನ್ನೂರೈವತ್ತರಲ್ಲಿ ಒಂದು ಭಾಗದಷ್ಟು ಸ್ಥಳದಲ್ಲಿ ಅಡಗಿಕೊಳ್ಳುತ್ತದೆ. 1912ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಮನೆಗೆ ಈ ಅನಿಲದಿಂದ ದೀಪವೂ ಒಲೆಯೂ ದೊರೆತವು. 1913ರಲ್ಲಿ ಸ್ನೆಲ್ಲಿಂಗರಿಗೆ ಇದರ ಹಕ್ಕುಪತ್ರ ಸಿಕ್ಕಿತು. ಅದನ್ನವರು ಫ್ರಾಂಕ್ ಫಿಲಿಪ್ಸ್ ಎಂಬ ಎಣ್ಣೆಯ ವರ್ತಕರಿಗೆ 50,000 ಡಾಲರುಗಳಿಗೆ ಮಾರಿದರು.

ಅನಿಲವು ಅಗ್ಗ, ಆದರೆ ಅದನ್ನು ಹಿಡಿದಿಡುವ ಪಾತ್ರೆ ದುಬಾರಿ: ಈ ವ್ಯಾಪಾರದ ತೊಡಕು ಆರಂಭದಿಂದಲೂ ಇಲ್ಲಿಯೇ. ಒತ್ತಡವನ್ನು ತಡೆಯಬಲ್ಲ ಉಕ್ಕಿನ ಪಾತ್ರೆಯನ್ನು ಪ್ರತಿ ಗೃಹಸ್ಥನೂ ಕೊಂಡು, ಬರಿದಾದಾಗ ಹೊತ್ತುಕೊಂಡು ಹೋಗಿ ತುಂಬಿಸಿ ತರಬೇಕೆಂದರೆ ಗಿರಾಕಿಗಳು ಸಿಕ್ಕುವುದು ಕಷ್ಟ. ಇಂಗ್ಲೆಂಡಿನಲ್ಲಿ 1935ರಲ್ಲಿ ಹುಟ್ಟಿದ ಕ್ಯಾಲರ್ ಕಂಪೆನಿಯು ಪಾತ್ರೆಯ ಒಡೆತನವನ್ನು ತಾನೇ ಇರಿಸಿಕೊಂಡು, ಒಪ್ಪಂದದ ಮೇಲೆ ಅದನ್ನು ಮನೆಗಳಿಗೆ ಕೊಟ್ಟಿತು. ಬ್ರೆಜಿಲ್ ದೇಶದ ಕಥೆ ಇನ್ನೂ ವಿಚಿತ್ರವಾದುದು. ಜರ್ಮನಿಯಿಂದ ಅಲ್ಲಿಗೆ ಹಾರಿಬರುತ್ತಿದ್ದ ಜೆಪ್ಲಿನ್ ವಾಯುನೌಕೆಗಳಿಗಾಗಿ ಅನಿಲವನ್ನು ಕೂಡಿಡಲಾಗಿತ್ತು. 1937ರ ಮೇ 6ರಂದು ಹಿಂಡನ್‌ಬರ್ಗ್ ನೌಕೆಯು ಅಮೆರಿಕೆಯಲ್ಲಿ ಸುಟ್ಟು ಬಿದ್ದಮೇಲೆ ಆ ಯಾನವೇ ನಿಂತುಹೋಯಿತು. ಉಳಿದ ಅನಿಲದ ಸಿಲಿಂಡರುಗಳನ್ನು ಎರ್ನೆಸ್ಟೋ ಈಗೆಲ್ ಎಂಬ ಆಸ್ಟ್ರಿಯಾದ ವಲಸೆಗಾರರು ಕೊಂಡು, ಮನೆಗಳ ಒಲೆಗೆ ಒದಗಿಸುವ ವ್ಯಾಪಾರವನ್ನು ತೆರೆದರು. ಮುಂದೆ ಆ ದೇಶದಲ್ಲಿ ಒಂದು ಏರ್ಪಾಡು ಬೆಳೆಯಿತು: ಗಿರಾಕಿಯು ಯಾವ ಕಂಪೆನಿಯ ಬರಿ ಸಿಲಿಂಡರನ್ನು ಕೊಟ್ಟು ಯಾವ ಕಂಪೆನಿಯ ತುಂಬಿದ ಸಿಲಿಂಡರನ್ನಾದರೂ ಪಡೆಯಬಹುದು, ಕಂಪೆನಿಗಳು ತಮ್ಮ ತಮ್ಮ ಪಾತ್ರೆಗಳನ್ನು ಬಳಿಕ ವಿನಿಮಯ ಕೇಂದ್ರಗಳಲ್ಲಿ ಬದಲಾಯಿಸಿಕೊಳ್ಳುವುವು. ನಮ್ಮಲ್ಲಿ ಹೀಗಿಲ್ಲ. ಯಾವ ಕಂಪೆನಿಯ ಋಣವೋ ಆ ಕಂಪೆನಿಯ ಪಾತ್ರೆ.

ಅದೇ 1937ರ ಮಾರ್ಚ್ 18ರಂದು ನಡೆದ ಒಂದು ಘೋರವನ್ನು ಉಪಾಧ್ಯಾಯರಾದ ನಾವು ಹೇಳದೆ ಮುಂದೆ ಹೋಗಲಾರೆವು. ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ ಕೊಳವೆಯಿಂದ ಸೋರಿದ ನಿಸರ್ಗಾನಿಲವು ತುಂಬಿಕೊಂಡಿತ್ತು. ಅದಕ್ಕೆ ವಾಸನೆಯಿರಲಿಲ್ಲವಾಗಿ ಒಬ್ಬರಿಗೂ ತಿಳಿಯಲಿಲ್ಲ. ಕಿಡಿ ತಾಗಿ ಕಟ್ಟಡವು ಸಿಡಿದು, ಮುನ್ನೂರರ ಹತ್ತಿರ ಜೀವಗಳು ಹೋದವು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅನಿಲಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರಸಬೇಕೆಂಬ ಶಾಸನವು ಆ ಪ್ರಾಂತದಲ್ಲಿ ಆ ಬಳಿಕ ಆಯಿತು. ನಮ್ಮ ಅಡಿಗೆಮನೆಯಲ್ಲಿ ಸೋರಿಕೆಯಾದೊಡನೆ ಮೂಗಿಗೆ ಬಡಿಯುವ ವಾಸನೆಯು ಅನಿಲದ ಸ್ವಂತದ್ದಲ್ಲ. ಮರ್ಕಾಪ್ಟಾನ್ ಎಂಬ ಗಂಧಕಯುಕ್ತ ದ್ರವ್ಯದ್ದು.

ಭಾರತಕ್ಕೆ ಈ ಅನಿಲವು ಮುಂಬಯಿಯ ಬಾಗಿಲಿನಿಂದ ಬಂದಿತು. 1954-55ರಲ್ಲಿ ಟ್ರಾಂಬೆಯಲ್ಲಿ ಎಣ್ಣೆಯ ಶುದ್ಧಿಶಾಲೆಗಳು ತೆರೆದುವು. ಕಚ್ಚಾ ಎಣ್ಣೆಯನ್ನು ಶುದ್ಧಿಮಾಡುವಾಗ ಹೊರಬೀಳುವ ಹಗುರವಾದ ಅನಿಲಗಳನ್ನು ಸುಮ್ಮನೆ ಸುಡುವ ಬದಲು ಪಾತ್ರೆಗೆ ತುಂಬಿ ಮಾರಬಹುದಾಗಿತ್ತು. 1955ರ ಸುಮಾರಿಗೆ ಬರ್ಮಾ ಷೆಲ್ ಕಂಪೆನಿಯು ‘ಬರ್ಷೇನ್’ ಎಂಬ ಹೆಸರಿನಿಂದ ಅದನ್ನು ಮುಂಬಯಿಯ ಮನೆಗಳಿಗೆ ಒದಗಿಸಿತು. ಇಂಡಿಯನ್ ಆಯಿಲ್ ಸಂಸ್ಥೆಯ ‘ಇಂಡೇನ್’ 1965ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಷೆಲ್ ಕಂಪೆನಿಗಳು ರಾಷ್ಟ್ರೀಕರಣಗೊಂಡು ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಸಂಸ್ಥೆಗಳಾದುವು. ಹೀಗೆ ವಿದೇಶೀ ಕಂಪೆನಿಗಳ ಪಾತ್ರೆಗಳು ಸರಕಾರೀ ಸಂಸ್ಥೆಗಳ ಪಾತ್ರೆಗಳಾದುವೇ ಹೊರತು ಎರವಿನ ಕ್ರಮವು ಬದಲಾಗಲಿಲ್ಲ.

ಮುಂದಿನ ಎರಡು ದಶಕಗಳು ಕಾಯುವವರ ಕಾಲ. ಹೆಸರು ಬರೆಯಿಸಿ ವರ್ಷಗಟ್ಟಲೆ ಕಾದವರು ಪಟ್ಟಣಗಳಲ್ಲಿ ಅಸಂಖ್ಯರು. ಪಾರ್ಲಿಮೆಂಟಿನ ಸದಸ್ಯರ ಕೈಗೆ ವರ್ಷಕ್ಕಿಷ್ಟೆಂದು ಸಂಪರ್ಕದ ಕೂಪನುಗಳು ಬರುತ್ತಿದ್ದುವು. ಒಲೆ ಹೊತ್ತಿಸಲು ಶಿಫಾರಸು ಬೇಕಾಗಿದ್ದ ಕಾಲವೂ ಇತ್ತೆಂದರೆ ಇಂದಿನ ಹುಡುಗರು ನಂಬುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಾದರೋ ಆ ಕಾಯುವಿಕೆಯೂ ಇರಲಿಲ್ಲ. ಬಾರದುದಕ್ಕೆ ಯಾರು ತಾನೆ ಕಾಯುವರು? ಬಳ್ಳಾರಿ ಜಾಲಿಯ ಸೌದೆ, ಕಡಲೆಕಾಯಿಯ ಹೊಟ್ಟು, ಬೆರಣಿ, ರೇಷ್ಮೆಹುಳು ಎಲೆ ತಿಂದುಳಿದ ಹಿಪ್ಪುನೇರಳೆಯ ಕಡ್ಡಿ—ಇವುಗಳಿಂದಲೇ ಮುದ್ದೆಯ ಎಸರು ಕುದಿಯುತ್ತಿತ್ತು.

ಠೇವಣಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ನಮ್ಮ ಶಾಲೆಯ ಮಗುವೊಂದರ ತಾಯಿ ಒಮ್ಮೆ, “ಬಂಡೆ ನಮ್ದಲ್ಲ ಅಂತಾರಲ್ಲ ಮೇಷ್ಟ್ರೇ, ಮತ್ತೆ ಅದಕ್ಕೆ ದುಡ್ಡು ಯಾಕೆ ಇಸ್ಕೊಂಡ್ರು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಹಣವು ಬೆಲೆಯಲ್ಲ, ಅಡವು. ಅದಕ್ಕೆ ಕೊಡುವ ಚಂದಾಪತ್ರದಲ್ಲಿ ಪಾತ್ರೆಗಳ ಸಂಖ್ಯೆ, ರೆಗ್ಯುಲೇಟರು, ತೆತ್ತ ಮೊಬಲಗು ಎಲ್ಲವೂ ನಮೂದಾಗಿರುತ್ತವೆ. ಸಂಪರ್ಕವನ್ನು ಬಿಟ್ಟುಕೊಡುವಾಗ ಪಾತ್ರೆಯನ್ನೂ ಈ ಪತ್ರವನ್ನೂ ಒಪ್ಪಿಸಿದರೆ ಅದರಲ್ಲಿ ಬರೆದಷ್ಟೇ ಮೊಬಲಗು ಹಿಂದಕ್ಕೆ ಬರುತ್ತದೆ, ಬಡ್ಡಿಯಿಲ್ಲ. 14.2 ಕಿಲೋಗ್ರಾಮಿನ ಒಂದು ಸಿಲಿಂಡರಿನ ಠೇವಣಿಯು 2022ರ ಜೂನಿನಲ್ಲಿ 1,450 ರೂಪಾಯಿಗಳಿಂದ 2,200ಕ್ಕೆ ಏರಿತು. ರೆಗ್ಯುಲೇಟರಿನದು 150ರಿಂದ 250ಕ್ಕೆ. ದಿನಗೂಲಿಯ ಸಂಸಾರಕ್ಕೆ ಇದು ಅನಿಲದ ಮುಖ ನೋಡುವುದಕ್ಕೆ ಮೊದಲೇ ತೆರಬೇಕಾದ ಸುಂಕ. ಅನೇಕರ ಮನೆಯಲ್ಲಿ ಚಂದಾಪತ್ರವು ಗೋಡೆಯ ಗೂಡಿನಲ್ಲಿ ಗೆದ್ದಲ ಪಾಲಾಗಿರುವುದನ್ನು ಕಂಡಿದ್ದೇವೆ. ಅದನ್ನು ಜಮೀನಿನ ಪಟ್ಟೆಯಂತೆ ಜೋಪಾನಮಾಡಬೇಕು.

ಪಾತ್ರೆಯ ಕೊರಳಪಟ್ಟಿಯೂ ಒಂದು ಪತ್ರವೇ. ಅದನ್ನು ಓದಲು ನಾವು ಐದನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇವೆ. ಅಲ್ಲಿ ಬರಿ ಪಾತ್ರೆಯ ತೂಕ ಬರೆದಿರುತ್ತದೆ. 15.3 ಎಂದಿದ್ದರೆ, 14.2 ಕೂಡಿ ತುಂಬಿದ ಸಿಲಿಂಡರು 29.5 ಕಿಲೋಗ್ರಾಮು ತೂಗಬೇಕು. ತೂಗಿ ತೋರಿಸಿರೆಂದು ಕೇಳುವ ಹಕ್ಕು ಬಳಕೆದಾರರಿಗೆ ಉಂಟು. ಅಲ್ಲಿಯೇ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡು ಅಂಕಿಗಳು ಇರುತ್ತವೆ. ವರ್ಷವನ್ನು ನಾಲ್ಕು ಕಾಲುಭಾಗಗಳಾಗಿ ಮಾಡಿ ಈ ಅಕ್ಷರಗಳನ್ನು ಇಟ್ಟಿರುವರು. ಬಿ-27 ಎಂದಿದ್ದರೆ 2027ರ ಜೂನಿನೊಳಗಾಗಿ ಆ ಪಾತ್ರೆಯನ್ನು ಮರುಪರೀಕ್ಷೆಗೆ ಒಳಪಡಿಸಬೇಕೆಂದು ಅರ್ಥ. ಈ ಕೂಡುವ ಲೆಕ್ಕವನ್ನು ಮಕ್ಕಳು ಮನೆಗೆ ಹೋಗಿ ತಾಯಂದಿರಿಗೆ ಒಪ್ಪಿಸುವುದನ್ನು ಕೇಳಿದಾಗ, ಪಠ್ಯಪುಸ್ತಕದ ಮಾವಿನಹಣ್ಣಿನ ಲೆಕ್ಕಗಳಿಗಿಂತ ಇದು ಮೇಲೆಂದು ತೋರುತ್ತದೆ.

ಠೇವಣಿಯ ಬಾಗಿಲನ್ನು ಬಡವರಿಗೆ ತೆರೆಯುವ ದೊಡ್ಡ ಪ್ರಯತ್ನವೊಂದು ನಮ್ಮ ಆಂಧ್ರ ಪ್ರದೇಶದಲ್ಲಿಯೇ ನಡೆಯಿತು. 1999ರ ಜುಲೈಯಲ್ಲಿ ಚಂದ್ರಬಾಬು ನಾಯ್ಡು ಅವರ ಸರಕಾರವು ‘ದೀಪಂ’ ಯೋಜನೆಯನ್ನು ಹೂಡಿ, ಉಳಿತಾಯ ಸಂಘಗಳ ಬಡ ಸ್ತ್ರೀಯರ ಠೇವಣಿಯನ್ನು ತಾನೇ ತೆತ್ತಿತು. ಒಲೆಯನ್ನೂ ಅನಿಲವನ್ನೂ ಅವರೇ ಕೊಳ್ಳಬೇಕಾಗಿತ್ತು. ಸಂಪರ್ಕವು ಹೆಂಗಸಿನ ಹೆಸರಿನಲ್ಲಿ ಬಂದುದೇ ನಮ್ಮ ದೃಷ್ಟಿಯಲ್ಲಿ ಇದರ ಹೆಚ್ಚಳ. ಹೊಲ ಗಂಡನದು, ಮನೆ ಮಾವನದು, ಬಂಡೆ ಮಾತ್ರ ಅವಳದು. ತಮಿಳುನಾಡಿನಲ್ಲಿ 2007ರ ಜನವರಿಯಿಂದ ಒಲೆಸಹಿತವಾಗಿ ಉಚಿತ ಸಂಪರ್ಕ ಕೊಡಲಾಯಿತು. ಹೊಸೂರು, ತಾಳವಾಡಿಗಳ ಕನ್ನಡಿಗರು ಆ ಸಾಲಿನವರು. ಕರ್ನಾಟಕದ ‘ಅನಿಲ ಭಾಗ್ಯ’ ಬಂದುದು 2017-18ರಲ್ಲಿ. ನಮ್ಮ ತಾಲೂಕಿನ ಸುತ್ತ ಪಾವಗಡ, ಮಧುಗಿರಿ, ಶಿರಾ ಸೀಮೆಗಳು. ಹೆಣ್ಣು ಕೊಟ್ಟು ತರುವುದೆಲ್ಲ ಗಡಿಯಾಚೆಗೇ. ಒಂದೇ ತಾಯಿಯ ಹೆಣ್ಣುಮಕ್ಕಳಲ್ಲಿ ಇತ್ತ ಉಳಿದವಳಿಗೆ ಬಂಡೆ, ಅತ್ತ ಹೋದವಳಿಗೆ ಇನ್ನೂ ಹಲವು ವರ್ಷ ಊದುಗೊಳವೆ. ಹೀಗಾದ ಮನೆಗಳು ನಮಗೆ ಗೊತ್ತು.

ಆದರೆ ಪಾತ್ರೆ ಬಂದಮಾತ್ರಕ್ಕೆ ಹೊಗೆ ಹೋಗಲಿಲ್ಲ. ದೀಪಂ ಯೋಜನೆಯ ಮೇಲೆ ವಿಶ್ವಬ್ಯಾಂಕಿನಿಂದ 2003ರಲ್ಲಿ ಹೊರಬಂದ ಪರಿಶೀಲನೆಯು, ಪಾತ್ರೆ ಪಡೆದ ಬಡ ಮನೆಗಳು ಅದನ್ನು ತುಂಬಿಸುವುದು ಬಹಳ ಕಡಿಮೆಯೆಂದೂ, ಸೌದೆಯೇ ಮುಖ್ಯವಾಗಿ ಉಳಿದಿದೆಯೆಂದೂ ತೋರಿಸಿತು. ಪಾತ್ರೆಯ ಠೇವಣಿ ಒಮ್ಮೆಯ ಖರ್ಚು. ತುಂಬಿಸುವುದು ಮತ್ತೆ ಮತ್ತೆ ಬರುವ ಖರ್ಚು. ಸೌದೆಯನ್ನು ಕೈಯಳತೆಯಲ್ಲಿ ದಿನದಿನಕ್ಕೆ ಆಯ್ದು ತರಬಹುದು, ಅನಿಲವನ್ನು ಒಂದು ಪಾವು ಕೊಡೆಂದು ಕೇಳುವಂತಿಲ್ಲ. 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆಗಿನ ಮಂತ್ರಿ ವೀರಪ್ಪ ಮೊಯ್ಲಿಯವರು ಪೆಟ್ರೋಲು ಬಂಕುಗಳಲ್ಲಿ 5 ಕಿಲೋಗ್ರಾಮಿನ ಸಣ್ಣ ಸಿಲಿಂಡರಿನ ಮಾರಾಟವನ್ನು ಆರಂಭಿಸಿದರು. ಅಲ್ಲಿ ವಿಳಾಸದ ಕಾಗದ ಬೇಡ. ಪಾತ್ರೆಯನ್ನೇ ಹಣ ಕೊಟ್ಟು ಕೊಳ್ಳುವುದು. ಎರವಿನ ಕಥೆಗೆ ಇದೊಂದೇ ಅಪವಾದ. ಆದರೆ ಅದರ ಅನಿಲಕ್ಕೆ ಸಹಾಯಧನವಿರಲಿಲ್ಲವಾದುದರಿಂದ ಒಂಟಿ ಕೂಲಿಗಾರರಿಗೂ ವಿದ್ಯಾರ್ಥಿಗಳಿಗೂ ಅದು ಒದಗಿತೇ ಹೊರತು ಬಡ ಸಂಸಾರಕ್ಕೆ ಒದಗಲಿಲ್ಲ.

2013ರ ಜೂನಿನಿಂದ ಸಹಾಯಧನದ ದಾರಿಯೂ ಬದಲಾಯಿತು. ಪೂರ್ತಿ ಬೆಲೆ ತೆತ್ತು ಸಿಲಿಂಡರು ಪಡೆಯುವುದು, ಸಹಾಯಧನ ಬಳಿಕ ಬ್ಯಾಂಕಿನ ಖಾತೆಗೆ ಬರುವುದು. ಮೊದಲ ಕಂತಿಗೆ ಆರಿಸಿದ 20 ಜಿಲ್ಲೆಗಳಲ್ಲಿ ನಾವು ಆಗ ಸೇರಿದ್ದ ಅನಂತಪುರವೂ ಇತ್ತು. ತುಮಕೂರು, ಮೈಸೂರು, ವಯನಾಡುಗಳೂ ಇದ್ದುವು. ಇಡೀ ದೇಶಕ್ಕೆ ಅದು 2015ರ ಜನವರಿ 1ರಿಂದ ಹಬ್ಬಿತು. 2016ರ ಮೇ 1ರಂದು ಬಲಿಯಾದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ‘ಉಜ್ವಲಾ’ ಯೋಜನೆಯನ್ನು ಆರಂಭಿಸಿದರು. ಪ್ರತಿ ಸಂಪರ್ಕಕ್ಕೆ ಕೇಂದ್ರವು 1,600 ರೂಪಾಯಿ ತೆತ್ತು, 2019ರ ಸೆಪ್ಟೆಂಬರಿನೊಳಗೆ 8 ಕೋಟಿ ಸಂಪರ್ಕಗಳು ಬಡ ಸ್ತ್ರೀಯರ ಹೆಸರಿನಲ್ಲಿ ಆದುವು. ಇದು ಸಣ್ಣ ಕೆಲಸವಲ್ಲ. ಆದರೂ 2019-20ರಲ್ಲಿ ಈ ಮನೆಗಳು ಸರಾಸರಿಯಲ್ಲಿ ವರ್ಷಕ್ಕೆ ಸುಮಾರು ಮೂರು ಸಿಲಿಂಡರುಗಳನ್ನು ಮಾತ್ರ ತುಂಬಿಸಿಕೊಂಡುವು. ಎರಡು ಹೊತ್ತು ಅನಿಲದಲ್ಲಿಯೇ ಅಡಿಗೆಯಾಗುವ ಮನೆಗೆ ಅಷ್ಟು ಸಾಲದು. 2022ರ ಮೇ ತಿಂಗಳಿನಿಂದ ಉಜ್ವಲಾ ಮನೆಗಳಿಗೆ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಸಹಾಯಧನ ಕೊಡತೊಡಗಿದುದು ಇದನ್ನು ಕಂಡೇ ಇರಬೇಕು.

2024ರ ನವೆಂಬರ್ 1ರಂದು ಶ್ರೀಕಾಕುಲಂ ಜಿಲ್ಲೆಯಲ್ಲಿ ಅದೇ ಚಂದ್ರಬಾಬು ನಾಯ್ಡು ಅವರು ಅದೇ ಹೆಸರನ್ನು ಮತ್ತೆ ಎತ್ತಿಕೊಂಡು ‘ದೀಪಂ-2’ನ್ನು ಆರಂಭಿಸಿದರು. ಇಪ್ಪತ್ತೈದು ವರ್ಷಗಳ ಹಿಂದೆ ಸರಕಾರವು ಪಾತ್ರೆಗೆ ಹಣ ಕೊಟ್ಟಿತ್ತು. ಈ ಸಲ ಅದರೊಳಗಿನ ಅನಿಲಕ್ಕೆ. ನಾಲ್ಕು ನಾಲ್ಕು ತಿಂಗಳಿಗೆ ಒಂದರಂತೆ ವರ್ಷಕ್ಕೆ ಮೂರು ಸಿಲಿಂಡರು ಉಚಿತ. ಆದರೆ ಆರಂಭದಲ್ಲಿ ಗೊತ್ತುಮಾಡಿದ ಕ್ರಮದಂತೆ, ಸಿಲಿಂಡರು ಬಾಗಿಲಿಗೆ ಬಂದಾಗ ಹೆಂಗಸು ಪೂರ್ತಿ ಬೆಲೆಯನ್ನು ಎಣಿಸಿಕೊಡಬೇಕು. ಎರಡು ದಿನಗಳೊಳಗೆ ಅದು ಅವಳ ಖಾತೆಗೆ ಹಿಂದಿರುಗುವುದು. ಆ ಎರಡು ದಿನಗಳ ಮಟ್ಟಿಗಿನ ಎಂಟುನೂರು ಒಂಬೈನೂರು ರೂಪಾಯಿಯನ್ನು ನಮ್ಮ ಓಣಿಯ ಹೆಂಗಸರು ನೆರೆಮನೆಯಿಂದಲೋ ಉಳಿತಾಯ ಸಂಘದಿಂದಲೋ ಕೈಗಡ ತಂದು ಹೊಂದಿಸುತ್ತಿದ್ದರು.