ಕೆಂಚಿಯ ಕಿವಿ, ಜಕ್ಕೂರಿನ ಕ್ಯಾಪ್ಟನ್

ಹೈದರಾಬಾದಿನ ಕಾಚಿಗುಡದ ನಮ್ಮ ಮನೆ ಮೆಟ್ಟಿಲ ಮೇಲೆ ಮಲಗುವ ಬೀದಿನಾಯಿ ಕೆಂಚಿಗೆ ಒಂದು ಕಿವಿಯ ತುದಿ ಇಲ್ಲ. ನೋಡಿದವರು, ಅಯ್ಯೋ ಪಾಪ, ಯಾವ ನಾಯಿ ಕಚ್ಚಿತು ಅನ್ನುತ್ತಾರೆ. ಕಚ್ಚಿದ್ದಲ್ಲ. ಸಂತಾನಶಕ್ತಿ ಹರಣ ಚಿಕಿತ್ಸೆ ಆಗಿದೆ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿದೆ ಎಂಬುದಕ್ಕೆ ವೈದ್ಯರು ಮಾಡಿದ ಗುರುತು ಅದು. ಆ ಗುರುತನ್ನು ಕಂಡಾಗಲೆಲ್ಲ ನನಗೆ ಒಬ್ಬ ಪೈಲಟ್ ನೆನಪಾಗುತ್ತಾರೆ: ಕ್ಯಾಪ್ಟನ್ ವಿ. ಸುಂದರಂ.

ಅವರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಪ್ಪನಿಂದ. ಬೀದರಿನಿಂದ ಬಂದ ಅಪ್ಪ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ. ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್‌ನ ಡಕೋಟಾಗಳ ಕಥೆ ಅಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತಿತ್ತು. ಅದರ ನಡುವೆಯೇ ಸುಂದರಂ ಕಥೆಯೂ. ‘ಗಂಡ ಹೆಂಡ್ತಿ ಇಬ್ರೂ ಕೂಡಿ ಮೈಸೂರ ಮಹಾರಾಜರ ವಿಮಾನ ಹಾರಸ್ತಿದ್ರಂತ ನೋಡವ್ವ’ ಎಂದು ಅಪ್ಪ ಹೇಳುವಾಗ ಅವನ ಕಣ್ಣು ನೋಡಬೇಕಿತ್ತು.

ಅದು ಬರೀ ಕಥೆಯಲ್ಲ. 1948ರಲ್ಲಿ ಸುಂದರಂ ಮದ್ರಾಸು ಕಡೆಯಿಂದ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ವಿಮಾನಯಾನದ ಹೊಣೆ ಹೊತ್ತರು. ಜಕ್ಕೂರಿನ ಸರ್ಕಾರಿ ವಿಮಾನಯಾನ ತರಬೇತಿ ಶಾಲೆ ಅವರ ಕೈಯಲ್ಲಿ ಬೆಳೆಯಿತು. 1949ರಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದ ಮೊದಲ ಪೈಲಟ್ ಅವರ ಹೆಂಡತಿ ಉಷಾ. ಜಯಚಾಮರಾಜ ಒಡೆಯರ ಡಕೋಟಾದಲ್ಲಿ ಇಬ್ಬರೂ ಒಟ್ಟಿಗೆ ಹಾರಿದರು. ನೆಹರೂ, ಪಟೇಲರೂ ಇವರ ಪ್ರಯಾಣಿಕರಾದರು. 1951ರಲ್ಲಿ ಮದ್ರಾಸು ಸರ್ಕಾರ ಕೊಂಡ ‘ಡವ್’ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದದ್ದೂ ಈ ಜೋಡಿಯೇ.

ಇಷ್ಟೇ ಆಗಿದ್ದರೆ ನಮ್ಮ ಗಲ್ಲಿಗೂ ಅವರಿಗೂ ಯಾವ ನಂಟೂ ಇರುತ್ತಿರಲಿಲ್ಲ. ಆದರೆ 1959ರಲ್ಲಿ ಮದ್ರಾಸಿನ ಬೀದಿಗಳಿಗೆ ನೆರೆ ನುಗ್ಗಿತು. ನೀರಲ್ಲಿ ಒದ್ದಾಡುತ್ತಿದ್ದ ಎರಡು ನಾಯಿಮರಿಗಳನ್ನು ಆಗ ಅಲ್ಲಿದ್ದ ಸುಂದರಂ ಎತ್ತಿ ಮನೆಗೆ ತಂದರು. ಮನೆಮಂದಿಯೆಲ್ಲ ಸೇರಿ ಸಾಕತೊಡಗಿದರು, ಹಾಗೆ ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆ ಹುಟ್ಟಿತು.

ಮದ್ರಾಸು ಆಗ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದ ಊರು. ಎಷ್ಟು ಕೊಂದರೂ ಕಡಿಮೆಯಾಗಲಿಲ್ಲ. ತಿಪ್ಪೆ ಇದ್ದಲ್ಲಿ ಕೂಳು ಇರುತ್ತದೆ. ಒಂದು ನಾಯಿ ಹೋದರೆ ಆ ಜಾಗಕ್ಕೆ ಪಕ್ಕದ ಕೇರಿಯದು ಬಂದು ಮರಿ ಹಾಕುತ್ತದೆ. ನಮ್ಮ ಗಲ್ಲಿಯಲ್ಲೇ ಇದನ್ನು ಕಂಡಿದ್ದೇನೆ. ನಾನು ಚಿಕ್ಕವಳಿದ್ದಾಗ ಬಂಡಿ ಬಂದು ತಂತಿಯ ಕುಣಿಕೆ ಹಾಕಿ ನಾಯಿಗಳನ್ನು ಎಳೆದೊಯ್ದಿತು. ಅವ್ವ ಅವತ್ತು ರೊಟ್ಟಿ ತಟ್ಟಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗಲ್ಲಿ ತುಂಬ ಹೊಸ ಮರಿಗಳು.

ಕೊಲ್ಲಬೇಡಿ, ಮರಿ ಹಾಕದಂತೆ ಚಿಕಿತ್ಸೆ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದಲ್ಲೇ ಬಿಡಿ ಎಂದು ಬ್ಲೂ ಕ್ರಾಸ್ 1964ರಲ್ಲೇ ಹೇಳಿತು. ಸುಂದರಂ ಅವರ ಮಗ ಚಿನ್ನಿ ಕೃಷ್ಣ ಈ ಮಾತನ್ನು ಹಿಡಿದು ಜಗ್ಗುತ್ತಲೇ ಇದ್ದರು. ಇಡೀ ಮದ್ರಾಸು ಒಪ್ಪಿದ್ದು 1996ರಲ್ಲಿ, ಅಂದರೆ ಮೂವತ್ತೆರಡು ವರ್ಷಗಳ ಮೇಲೆ. 2001ರಲ್ಲಿ ಅದು ಇಡೀ ದೇಶದ ನಿಯಮವಾಯಿತು. ಆ ಮೂವತ್ತೆರಡು ವರ್ಷಗಳಲ್ಲಿ ಸತ್ತ ನಾಯಿಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟ.

ನಮ್ಮ ಹೈದರಾಬಾದಿಗೆ ಬ್ಲೂ ಕ್ರಾಸ್ ಎಂಬ ಹೆಸರನ್ನು 1992ರಲ್ಲಿ ತಂದವರು ನಟಿ ಅಮಲಾ. ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಬೇರೆಯೇ ಸಂಸ್ಥೆ, ಇರುವುದು ಜುಬಿಲಿ ಹಿಲ್ಸ್‌ನಲ್ಲಿ. ಕೆಲಸದ ಬಗೆ ಮಾತ್ರ ಅದೇ.

ಕೆಂಚಿಯನ್ನು ಒಯ್ದದ್ದು ಅಲ್ಲಿಯ ಹುಡುಗರೇ. ಅಪ್ಪ ಆಗ ಇನ್ನೂ ಇದ್ದ. ಕೆಂಚಿ ಇಲ್ಲದ ಅಷ್ಟು ದಿನವೂ ಹೊಸ್ತಿಲಲ್ಲೇ ಕೂತು, ‘ತಿರುಗಿ ಬಿಡ್ತಾರೇನವ್ವ?’ ಎಂದು ಕೇಳುತ್ತಿದ್ದ. ಒಂದು ಸಂಜೆ ಗಾಡಿ ಬಂತು. ಹುಡುಗ ಕೈಯಲ್ಲಿದ್ದ ಚೀಟಿ ನೋಡಿ, ಹಿಡಿದದ್ದು ಇದೇ ಮೆಟ್ಟಿಲಲ್ಲವೇ ಎಂದು ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೇ ಗೂಡಿನ ಬಾಗಿಲು ತೆಗೆದ. ಕೆಂಚಿ ಇಳಿದು ಮೆಟ್ಟಿಲನ್ನೆಲ್ಲ ಮೂಸಿ, ಅಪ್ಪನ ಕಾಲ ಬಳಿ ಮುದುಡಿ ಮಲಗಿತು.